ಫಿಟ್ಟರ್ ಮಲಕಪ್ಪನ ಬೀಳುಬಾಗಿಲು

ಗುರುಸಿದ್ದವ್ವ ಮಲಕಪ್ಪನನ್ನು ಮೊದಲ ಸಲ ಕಂಡ ದಿನ, ಅವನು ಅವಳ ಮನೆಯ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಎರಡೂ ಕೈ ಮುಗಿದು ನಿಂತು ಕೇಳಿದ.

“ಅವ್ವಾರ, ನಿಮ್ಮ ಮನ್ಯಾಗ ಹಳಸಿದ್ದು ಏನರ ಐತೇನ್ರಿ?”

ಗುರುಸಿದ್ದವ್ವ ಚಿಗಳ್ಳಿಗೆ ಸೊಸೆಯಾಗಿ ಬಂದು ಐವತ್ತೊಂದು ವರ್ಷವಾಗಿತ್ತು. ಗಂಡ ಹೋಗಿ ಹನ್ನೆರಡು ವರ್ಷ. ಇಷ್ಟು ಕಾಲದಲ್ಲಿ ಆ ಮನೆಯ ಅಡುಗೆ ಒಂದು ದಿನವೂ ಹಳಸಿರಲಿಲ್ಲ. ಬಂದವರಿಗೆ ಬಿಸಿ ರೊಟ್ಟಿ, ಉಳಿದದ್ದು ಹೊತ್ತು ಮುಳುಗುವುದರೊಳಗೆ ದನಕ್ಕೆ. ಇದು ಊರಿಗೆಲ್ಲ ಗೊತ್ತಿದ್ದ ಮಾತು. ಈ ಮನುಷ್ಯ ಊರಿನವನಲ್ಲ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್, ಅರ್ಧ ನೆರೆತ ಮೀಸೆ.

“ಹಸದಿದ್ರ ಹಸದೇನಿ ಅನ್ನಪಾ. ಹಳಸಿದ್ದು ಯಾಕ ಬೇಡ್ತಿ? ಕೂಡ್ರು, ರೊಟ್ಟಿ ಬಡೀತೇನಿ.”

“ನನಗಲ್ರಿ. ಹಂದಿಗೋಳಿಗಿ.”

“ಎಲ್ಲ್ಯದಾವ ಹಂದಿ?”

“ಇನ್ನೂ ಹಿಡದಿಲ್ರಿ.”

“ಹಿಡೀದ ಹಂದಿಗಿ ಈಗಿಂದ ಊಟದ ಚಿಂತಿ! ಕೂಡ್ರು ಮೊದಲ.”

ಮಲಕಪ್ಪ ಕುಳಿತ. ನಾಲ್ಕು ರೊಟ್ಟಿ, ಎಣ್ಣೆಗಾಯಿ, ಒಂದು ಬಟ್ಟಲು ಮೊಸರು ಮುಗಿಯುವುದರೊಳಗೆ ತನ್ನ ಬದುಕಿನ ಕಥೆಯನ್ನೂ ಮುಗಿಸಿದ.

ಅವನ ಅಪ್ಪ ನವಲಗುಂದದ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಕಾಗದದ ಕಾರ್ಖಾನೆಯ ಕೂಲಿಗೆ ಬಂದವನು. ಮಲಕಪ್ಪ ಅದೇ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರ್ ಆಗಿದ್ದ. ನೀರಿರಲಿ, ಹಬೆಯಿರಲಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುವುದೇ ಅವನ ಕೆಲಸ. ಅವನು ಬಿಗಿ ಮಾಡಿದ ವಾಲ್ವನ್ನು ಬೇರೆಯವರು ಬಿಚ್ಚಲು ಇಬ್ಬರು ಬೇಕಾಗುತ್ತಿತ್ತಂತೆ. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಹಿಟ್ಟಿನ ಡಬ್ಬಿಗೆ ಹೊಸ ಮುಚ್ಚಳ ಕೂರಿಸಿದ, ಹೆಂಡತಿ ಅನ್ನಪೂರ್ಣಾಗೆ ಎರಡು ದಿನ ಹಿಟ್ಟು ಸಿಗಲಿಲ್ಲ. ಬಚ್ಚಲ ಬಾಗಿಲಿಗೆ ತಾನಾಗಿ ಬೀಳುವ ಚಿಲಕ ಮಾಡಿದ. ಅದು ಹೊರಗಿನಿಂದ ಬಿತ್ತು. ಆಕೆ ತಲೆಗೆ ಎಣ್ಣೆ ಹಚ್ಚಿಕೊಂಡು ಒಂದು ತಾಸು ಒಳಗೇ ಕುಳಿತಳು.

“ಹೊರಗ ಬಂದು ಏನಂದ್ಳು?” ಎಂದಳು ಗುರುಸಿದ್ದವ್ವ.

“ಇನ್ನ ಈ ಮನ್ಯಾಗ ಒಂದು ಬಾಗಲಾ ಮುಟ್ಟಿದ್ರ ನೋಡು ಅಂದ್ಳ್ರಿ. ಅದಕ್ಕ ಹಂದಿ ಬೋನ ಮಾಡೇನಿ.”

ಹತ್ತು ಅಡಿ ಉದ್ದ, ಐದು ಅಡಿ ಅಗಲದ ಬೋನು. ಮುಂದೆ ದಪ್ಪ ತಗಡಿನ ಬಾಗಿಲು ಎರಡು ಬದಿಯ ಕಬ್ಬಿಣದ ಚಾನೆಲ್ ಪಟ್ಟಿಗಳ ನಡುವೆ ಮೇಲಕ್ಕೆ ಏರಿ, ಒಂದು ಕೊಂಡಿಯ ಮೇಲೆ ನಿಲ್ಲುತ್ತದೆ. ಕೊಂಡಿಯಿಂದ ಒಂದು ತಂತಿ ಬೋನಿನ ಹಿಂಬದಿಯ ಹಲಗೆಗೆ ಹೋಗುತ್ತದೆ. ಹಂದಿ ತಿನ್ನುತ್ತ ಒಳಗೆ ಬಂದು ಮೂತಿಯಿಂದ ಆ ಹಲಗೆ ಎತ್ತಿತೋ, ತಂತಿ ಎಳೆದು ಕೊಂಡಿ ಜಾರಿ ಬಾಗಿಲು ದಡಾರನೆ ಬೀಳಬೇಕು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ದಾಂಡೇಲಿಯಲ್ಲಿ ಮೊದಲ ದಿನವೇ ಬಾಗಿಲು ಬಿತ್ತು, ಒಳಗಿದ್ದದ್ದು ಪಕ್ಕದ ಮನೆಯವರ ಆಡು. ಜೋಯಿಡಾ ರಸ್ತೆಯ ಹಳ್ಳಿಯೊಂದರಲ್ಲಿ ಕರೆಸಿದ ಯಜಮಾನನ ಅಳಿಯನೇ ‘ಹೆಂಗ ಬೀಳ್ತೈತಿ ನೋಡೂಣು’ ಎಂದು ಹಲಗೆ ಎತ್ತಿದ. ಚಿಲಕ ಬಿಚ್ಚುವ ಪಾನಾ ಜೇಬಿನಲ್ಲಿಟ್ಟುಕೊಂಡು ಮಲಕಪ್ಪ ಚಹಾ ಕುಡಿಯಲು ಹೋಗಿದ್ದನಾದ್ದರಿಂದ ಮಧ್ಯಾಹ್ನದ ತನಕ ಅಳಿಯನಿಗೆ ಬೋನಿನ ತಂತಿಬಲೆಯ ಸಂದಿಯಿಂದಲೇ ಉಪಚಾರ. ಹಳಿಯಾಳದ ಕಬ್ಬಿನ ಹೊಲದಲ್ಲಿ ಮಾತ್ರ ನಿಜವಾದ ಹಂದಿ ಬಂದವು. ಮೂರನೆಯ ದಿನಕ್ಕೇ ಆತುರಪಟ್ಟು ಕೊಂಡಿ ಹಚ್ಚಿದ. ಮೂರು ಮರಿ ಸಿಕ್ಕವು, ತಾಯಿ ಹೊರಗೆ ನಿಂತು ಎಲ್ಲ ನೋಡಿತು. ಆಮೇಲೆ ಆ ಹಿಂಡು ಬೋನಿನ ನೆರಳಿಗೂ ಬರಲಿಲ್ಲ.

ಈ ಮೂರೂ ಸುದ್ದಿ ಅನ್ನಪೂರ್ಣಾಗೆ ಮುಟ್ಟಿದ್ದವು. ಆಕೆ ಕಡೆಯ ಮಾತು ಹೇಳಿಬಿಟ್ಟಿದ್ದಳು. ದಸರೆಯ ಬನ್ನಿ ಹಬ್ಬದ ದಿನ ತಾನೇ ಚಿಗಳ್ಳಿಗೆ ಬರುತ್ತಾಳೆ. ಬೋನು ಖಾಲಿ ಇದ್ದರೆ ಅವತ್ತೇ ಗುಜರಿ ಗಾಡಿಗೆ.

“ಮೂವತ್ನಾಕು ವರ್ಷ ಕಾರಖಾನಿದಾಗ ಬಿಗಿ ಮಾಡಿದ್ದು ಕಾರಖಾನಿಯವರ ಪಾಲಾತ್ರಿ,” ಎಂದ ಮಲಕಪ್ಪ ಬಟ್ಟಲಿನ ತಳ ನೋಡುತ್ತ. “ಇದೊಂದ ನಂದು.”

ಬನ್ನಿಗೆ ಇನ್ನು ಹದಿನೇಳು ದಿನ ಇತ್ತು. ಗುರುಸಿದ್ದವ್ವ ಬೆರಳು ಮಡಿಚಿ ಎಣಿಸಿ ನೋಡಿದಳು.

ಅವನನ್ನು ಊರಿಗೆ ಕರೆಸಿದವನು ಪಂಚಾಯ್ತಿ ಮೆಂಬರ್ ನಾಗಲಿಂಗಪ್ಪ. ಕೆರೆಯ ಹಿಂದಿನ ಪೊದೆಯಲ್ಲಿ ಒಂದು ಹಂದಿಯ ಹಿಂಡು ಬೀಡುಬಿಟ್ಟಿತ್ತು. ಯಾರೋ ಸಾಕಿ, ಸಾಕಲಾಗದೆ ಬಿಟ್ಟುಹೋದವು. ಅಲ್ಲೇ ಮರಿ ಹಾಕಿ, ಆ ಮರಿಗಳೂ ಮರಿ ಹಾಕಿ, ಮನುಷ್ಯರ ಮಾತು ಮರೆತಿದ್ದವು. ಕಾಡು ಕಾಯುವವನು ಬಂದು ನೋಡಿ, ಇವು ಕಾಡಿನವಲ್ಲ, ನಮಗೆ ಸಂಬಂಧವಿಲ್ಲ ಎಂದ. ಪಟ್ಟಣದಲ್ಲಿ ಕೇಳಿದರೆ, ಹೊಲದಲ್ಲಿರುವುದು ಪಟ್ಟಣದ ಹಂದಿ ಹೇಗಾದೀತು, ಸಂಬಂಧವಿಲ್ಲ ಎಂದರು. ಹಂದಿಗಳು ಮಾತ್ರ ಗುರುಸಿದ್ದವ್ವನ ಗೋವಿನಜೋಳದ ಜೊತೆ ಗಟ್ಟಿ ಸಂಬಂಧ ಇಟ್ಟುಕೊಂಡಿದ್ದವು. ಹಿಂಡಿನ ಜಾಡು ಅವಳ ಬದುವಿನ ಮೇಲೇ ಹಾದಿದ್ದರಿಂದ ಬೋನು ಅಲ್ಲೇ ಇಳಿಯಿತು, ಉಣಿಸುವ ಕೆಲಸ ಅವಳಿಗೇ ಬಂತು.

ಮಲಕಪ್ಪ ಎಲ್ಲ ತಿಳಿಸಿ ಹೇಳಿದ.

“ಹಂದಿ ಭಾಳ ಶಾಣೇ ಇರ್ತಾವ್ರಿ. ಹೊಸಾ ಕಬ್ಬಣ ಕಂಡ್ರ ಬರಂಗಿಲ್ಲ. ಅದಕ್ಕ ಮೊದಲ ಬಾಗಲಾ ಮ್ಯಾಲ ಹಗ್ಗಾ ಬಿಗದು ಕಟ್ಟಿಬಿಡೂದು. ಬರ್ಲಿ, ಉಣ್ಲಿ, ಹೋಗ್ಲಿ. ಮೊದಲ ಹೊರಗ ಹಾಕ್ರಿ, ಆಮ್ಯಾಲ ಹೊಸ್ತಿಲಾ ಮ್ಯಾಲ, ಆಮ್ಯಾಲ ದಿನಕ್ಕೊಂದು ಮೊಳ ಒಳಗ. ಎಲ್ಲಾವೂ ಹಿಂದಿನ ಹಲಗಿ ತನಕಾ ಬಂದ್ವಂದ್ರ ಕೊಂಡಿ ಹಚ್ಚೂದು.”

“ಹೂಂ.”

“ಗೋವಿನಜೋಳ ಈ ಡ್ರಮ್ಮಿನ್ಯಾಗ ನೆನಿ ಹಾಕ್ರಿ. ನಾಕು ದಿನಾ ಮುಚ್ಚಿ ಇಡ್ರಿ. ಹಳಸಬೇಕು. ನಾತ ಹೊಡೀಬೇಕು. ಆ ನಾತಕ್ಕ ಎಲ್ಲಿದ್ರೂ ಬರ್ತಾವ.”

“ಹೂಂ,” ಎಂದಳು ಗುರುಸಿದ್ದವ್ವ.

ಅವಳ ‘ಹೂಂ’ ಎಂದರೆ ಕೇಳಿಸಿತು ಎಂದು ಮಾತ್ರ ಅರ್ಥ, ಒಪ್ಪಿದೆ ಎಂದಲ್ಲ. ಇದು ಮಲಕಪ್ಪನಿಗೆ ಗೊತ್ತಿರಲಿಲ್ಲ. ಅವನು ದಾಂಡೇಲಿಯ ಬಸ್ಸು ಹತ್ತಿದ.

ಅವಳಷ್ಟು ಕರಾರುವಾಕ್ಕಾಗಿ ಆ ಕೆಲಸವನ್ನು ಇನ್ನೊಬ್ಬರು ಮಾಡುತ್ತಿರಲಿಲ್ಲ. ಐದನೆಯ ದಿನದಿಂದ ಸಂಜೆ ಸರಿಯಾಗಿ ಎರಡು ಸೇರು ಅಳೆದು ಒಯ್ದಳು. ಸೀರೆಗೆ ಸೋಪಿನ ವಾಸನೆ ಇರಬಾರದೆಂದು ಹೊಲದ ಸೀರೆಯನ್ನೇ ಉಟ್ಟಳು. ಹಾಕಿದ ಮೇಲೆ ತಿರುಗಿ ನೋಡಲಿಲ್ಲ. ಬೆಳಿಗ್ಗೆ ಹೋಗಿ ಹೆಜ್ಜೆ ಎಣಿಸಿ, ದನದ ಕೊಟ್ಟಿಗೆಯ ಗೋಡೆಗೆ ಇದ್ದಿಲಿನಿಂದ ಹಂದಿಗೊಂದು ಗೆರೆ ಎಳೆಯಬೇಕೆಂದು ಒಂದು ಮೂಲೆಯನ್ನು ಸಾರಿಸಿ ಇಟ್ಟಿದ್ದಳು. ಐದು ದಿನವಾದರೂ ಆ ಮೂಲೆ ಸಾರಿಸಿದ ಹಾಗೇ ಇತ್ತು.

ದಿನಾ ಸಂಜೆ ಮಲಕಪ್ಪನ ಫೋನು.

“ಬಂದ್ವೇನ್ರಿ ಅವ್ವಾರ?”

“ಬದುವಿನ ತನಕಾ ಬಂದಾವ. ಮೂಸಿ ನೋಡ್ಯಾವ. ಅಡ್ಡ ಹಾದು ನನ್ನ ಹೊಲಕ್ಕ ಹೋಗ್ಯಾವ.”

ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳುತ್ತಿತ್ತು: “ಗುಜರಿಯವನ ನಂಬರ್ ಬರದ ಇಟಗೊಂಡೇನಿ, ಅವಸರ ಇಲ್ಲ.”

ಹತ್ತನೆಯ ದಿನ ಮಲಕಪ್ಪ ಓಡಿ ಬಂದ. ತಪ್ಪು ಕಬ್ಬಿಣದ್ದೇ ಎಂದು ಅವನ ಖಾತ್ರಿ. ಚಾನೆಲ್ಲಿಗೆ ಹಚ್ಚಿದ ಎಣ್ಣೆಯ ವಾಸನೆ ಎಂದು ಬೂದಿ ಹಾಕಿ ತಿಕ್ಕಿದ. ತಗಡು ಬಿಸಿಲಿಗೆ ಹೊಳೆಯುತ್ತದೆ ಎಂದು ಕೆಸರು ಬಳಿದ. ತಂತಿ ಗಾಳಿಗೆ ಗುಂಯ್ ಎನ್ನುತ್ತದೆ ಎಂದು ಅದಕ್ಕೆ ಬಟ್ಟೆ ಸುತ್ತಿದ. ಮಧ್ಯಾಹ್ನದ ಹೊತ್ತಿಗೆ ಬೋನಿಗಿಂತ ಅವನೇ ಹೆಚ್ಚು ಕೆಸರಾಗಿದ್ದ. ಗುರುಸಿದ್ದವ್ವ ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಕೇಳದೆ ಹೇಳುವ ಚಾಳಿ ಅವಳಿಗಿರಲಿಲ್ಲ.

ಕೊನೆಗೆ ಕೈತೊಳೆಯಲು ಮನೆಗೆ ಬಂದವನು ಡ್ರಮ್ಮಿನ ಮುಚ್ಚಳ ತೆಗೆದ. ಮೂಗು ಮುಚ್ಚಿಕೊಂಡೇ ಬಗ್ಗಿದ, ಆಮೇಲೆ ನಿಧಾನವಾಗಿ ಕೈ ತೆಗೆದ. ಕಾಳು ಬೆಳ್ಳಗೆ, ಸ್ವಚ್ಛವಾಗಿ, ಒಂದೊಂದಕ್ಕೂ ಬೆರಳುದ್ದ ಮೊಳಕೆ ಒಡೆದು ಮಲಗಿದ್ದವು. ಅವಳು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನೀರು ಬಸಿದು, ತಿಳಿನೀರಲ್ಲಿ ತೊಳೆದು ಇಡುತ್ತಿದ್ದಳು.

“ಅವ್ವಾರ,” ಎಂದ ಮಲಕಪ್ಪ, ದನಿ ಸೋತಿತ್ತು, “ಇದು ಹಂದಿಗಿ ಹಾಕೂದಲ್ರಿ. ಬೀಗರಿಗಿ ಬಡಸೂದು.”

“ಹಳಸಿದ್ದ ನಾ ನಾಯಿಗೂ ಹಾಕಿಲ್ಲ ಮಲಕಪ್ಪಾ. ಕರದು ಉಣಸೂದು ಅಂದಮ್ಯಾಲ ಹಂದಿ ಆದ್ರೇನು, ಯಾರಾದ್ರೇನು?”

“ಹಿಡ್ಯಾಕ ಕರಿಯೂದ್ರಿ!”

“ಅದು ಆಮ್ಯಾಲಿಂದು. ಮೊದಲ ಉಣ್ಣಾಕ ಬರ್ತಾವಲ್ಲ.”

ಮಲಕಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಕೆಸರಿನ ಕೈಯನ್ನು ಹಣೆಗೆ ಹಚ್ಚಿಕೊಂಡದ್ದೂ ಅವನಿಗೆ ತಿಳಿಯಲಿಲ್ಲ. ಇನ್ನು ಏಳೇ ದಿನ. ಸುಮ್ಮನೆ ಕುಳಿತವನ ಮೂಗಿಗೆ ಒಲೆಯ ಮೂಲೆಯಿಂದ ಒಂದು ವಾಸನೆ ಬಂತು.

“ಆ ಮಡಿಕ್ಯಾಗ ಏನೈತ್ರಿ?”

“ಅಂಬ್ಲಿ. ನಿನ್ನಿ ಹುಳಿ ಹಾಕೇನಿ.”

“ಅದು ಹಳಸಿಲ್ಲೇನ್ರಿ?”

“ನಾಲಿಗಿ ಐತೋ ಇಲ್ಲೋ ನಿನಗ? ಅದು ಹುಳಿ ಬಂದೈತಿ. ಬ್ಯಾಸಗ್ಯಾಗ ಮನಿಮಂದಿ ಎಲ್ಲಾ ಅದನ್ನ ಕುಡೀತಾರ.”

“ಹಂದಿಗೂ ಹಂತಾದ್ದ ಬೇಕ್ರಿ ಅವ್ವಾರ. ಅಷ್ಟ.”

ಗುರುಸಿದ್ದವ್ವ ಮಡಿಕೆಯ ಮುಚ್ಚಳ ತೆಗೆದು ಮೂಸಿ ನೋಡಿ, ಅವನ ಕಡೆ ತಿರುಗಿದಳು.

“ಹುಳಿ ಅಂಬ್ಲಿ ಹಂಗ ಅಂತ ಅವತ್ತ ಹೇಳಬಾರದಾಗಿತ್ತೇನು? ಹತ್ತು ದಿನಾ ಹಾಳು ಮಾಡಿದೆಲ್ಲಪಾ.”

ಹುಳಿ ಬರಿಸುವ ಕೆಲಸದಲ್ಲಿ ಅವಳಿಗೆ ಯಾವ ಡ್ರಮ್ಮೂ ಬೇಕಿರಲಿಲ್ಲ. ಒಡೆದ ಗೋವಿನಜೋಳ, ಜೋಳದ ಹಿಟ್ಟು, ಹುಳಿ ಮಜ್ಜಿಗೆ, ಒಂದು ಅಚ್ಚು ಬೆಲ್ಲ. ದೊಡ್ಡ ಗಡಿಗೆಗೆ ತುಂಬಿ, ಗೋಣಿಚೀಲ ಸುತ್ತಿ, ಒಲೆಯ ಪಕ್ಕ ಇಟ್ಟಳು. ಎರಡೇ ದಿನಕ್ಕೆ ನೊರೆ ಮುಚ್ಚಳ ಎತ್ತಿತು. ವಾಸನೆ ಓಣಿ ದಾಟಿತು. ನಾಗಲಿಂಗಪ್ಪ ಗಾಬರಿಯಿಂದ ಬಂದ.

“ಚಿಗವ್ವಾ, ಖರೇ ಹೇಳು. ಕಂಟ್ರಿ ಸಾರಾಯಿ ಇಳಸಾಕ ಹತ್ತೀಯೇನು?”

“ಹಂದಿಗಿ ಮಾಡೇನಿ. ನಿನಗ ಬೇಕಾದ್ರ ಸಾಲಿನ್ಯಾಗ ನಿಂದರು.”

ಅವತ್ತು ಸಂಜೆಯೇ ಬಂದವು. ಮರುದಿನ ಗೋಡೆಯ ಮೇಲೆ ನಾಲ್ಕು ಗೆರೆ, ಅದರ ಮರುದಿನ ಎಂಟು. ಹೊತ್ತು ಮುಳುಗುವಾಗ ಬದುವಿನ ಆಚೆ ಕುಳಿತು ಕಣ್ಣಾರೆ ನೋಡಿ ಲೆಕ್ಕ ಸರಿಪಡಿಸಿದಳು. ಏಳು ಹರೆಯದ ಮರಿ, ಒಂದು ಎಳೆ ಹೆಣ್ಣು, ಎಲ್ಲಕ್ಕೂ ಹಿರಿಯಳಾದ ಒಂದು ಹರಕುಗಿವಿಯ ತಾಯಿ. ಎಂಟು ಒಳಗೆ ನುಗ್ಗಿ ತಿನ್ನುತ್ತಿದ್ದವು. ಹರಕುಗಿವಿ ಹೊಸ್ತಿಲಿನ ಹೊರಗೆ ನಿಂತು, ಚೆಲ್ಲಿದ್ದನ್ನಷ್ಟೇ ನೆಕ್ಕುತ್ತಿತ್ತು.

ಖಂಡೇಪೂಜೆಯ ಹಿಂದಿನ ದಿನ ಮಲಕಪ್ಪ ಬಂದವನೇ ಕೊಂಡಿ ಹಚ್ಚಲು ಹೊರಟ.

“ಒಂಬತ್ತನೇದು ಬಂದಿಲ್ಲ,” ಎಂದಳು ಗುರುಸಿದ್ದವ್ವ.

“ಎಂಟು ಸಾಕ್ರಿ! ಎಂಟು ಹಂದಿ ಅಂದ್ರ ಬೋನ ತುಂಬ್ತೈತಿ. ನಾಡದು ಆಕಿ ಬರ್ತಾಳ.”

“ಹಳಿಯಾಳದಾಗ ಮೂರು ಸಾಕು ಅಂದಿದ್ದಿ.”

ಮಲಕಪ್ಪ ಜೇಬಿನ ಸ್ಕ್ರೂಡ್ರೈವರ್ ತೆಗೆದು ಮತ್ತೆ ಜೇಬಿಗೇ ಇಟ್ಟ.

“ಆ ಮುದುಕಿ ಹೊರಗ ನಿಂತು ನೋಡಿದ್ರ ಮುಗೀತು. ಇನ್ನೊಂದು ಹಿಂಡು ಹೆತ್ತು, ಅದಕ್ಕೂ ಕಲಿಸ್ತೈತಿ.”

“ಹಂಗಾರ ನಾಳಿಗಿ ಹಚ್ಚಲೇನ್ರಿ?”

“ನಾಳಿಗಿ ಖಂಡೇಪೂಜಿ. ನಾಳೆ ಕುಡಗೋಲು, ಕೊಡ್ಲಿ, ನೇಗಿಲಾ ಎಲ್ಲಾ ತೊಳದು ಪೂಜಿಗಿ ಕೂಡಸೂದು. ನಿನ್ನ ಬೋನ ಏನು ಅಡಿಗಿ ಸಾಮಾನೇನು? ಅದೂ ಆಯುಧ. ನಾಳೆ ಅದಕ್ಕ ಕೆಲಸ ಹಚ್ಚೂಹಂಗಿಲ್ಲ.”

ಮಲಕಪ್ಪ ಕಾರ್ಖಾನೆಯಲ್ಲಿ ಮೂವತ್ನಾಲ್ಕು ಖಂಡೇಪೂಜೆ ಮಾಡಿದವನು. ಇವತ್ತು ಹಚ್ಚಿದರೆ ಎಂಟು ಖಾತ್ರಿ, ಬೋನು ಉಳಿಯುತ್ತದೆ. ಬಿಟ್ಟರೆ ಉಳಿಯುವುದು ಬನ್ನಿ ಹಬ್ಬದ ಒಂದೇ ಸಂಜೆ, ಅದೂ ಹೆಂಡತಿಯ ಕಣ್ಣ ಮುಂದೆ. ಅವನು ಬೋನಿನ ಸುತ್ತ ಎರಡು ಸಲ ತಿರುಗಿದ. ಕೊಂಡಿಯನ್ನು ಹಿಡಿದ, ಬಿಟ್ಟ. ಆಮೇಲೆ ಬಾಗಿಲು ಕಟ್ಟಿದ್ದ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು, ಗುರುಸಿದ್ದವ್ವನ ಹಿಂದೆ ಊರಿಗೆ ನಡೆದ.

ಖಂಡೇಪೂಜೆಯ ದಿನ ಬೋನಿಗೆ ನೀರು ಚಿಮುಕಿಸಿ, ಬಾಗಿಲಿಗೆ ಮೂರೆಳೆ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದರು. ಮಲಕಪ್ಪ ಕೊಂಡಿಗೆ ಪ್ರತ್ಯೇಕವಾಗಿ ಕೈ ಮುಗಿದ. ನೈವೇದ್ಯ ಎಲ್ಲಿಡಬೇಕೆಂದು ಪ್ರಶ್ನೆ ಬಂತು. ಆಯುಧದ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ ಎಂದು ಗುರುಸಿದ್ದವ್ವ ಬಗ್ಗಿ ಒಳಗೆ ಹೋಗಿ, ಹಿಂಬದಿಯ ಹಲಗೆಯ ಮೇಲೆ ಬಾಳೆಎಲೆ ಹಾಸಿ, ತುಪ್ಪ ಸುರಿದ ಎರಡು ಹೋಳಿಗೆ ಇಟ್ಟಳು. ಹಂದಿ ತುಳಿದ ಜಾಗದ ನೈವೇದ್ಯವನ್ನು ಮನೆಗೆ ತರುವಂತಿರಲಿಲ್ಲವಾದ್ದರಿಂದ ಅದು ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಎಲೆಯೂ ಇರಲಿಲ್ಲ. ಹಲಗೆ ಮಗುಚಿ ಬಿದ್ದಿತ್ತು. ಅದರ ಮುಂದೆ, ಎಲ್ಲ ಹೆಜ್ಜೆಗಳ ಮೇಲೆ, ಅಂಗೈ ಅಗಲದ ಒಂದು ಹೆಜ್ಜೆ. ಗುರುಸಿದ್ದವ್ವ ಗೇಣು ಹಾಕಿ ಅಳೆದು ನೋಡಿದಳು.

“ಮುದುಕಿ ಬಂದಿದ್ಲು.”

“ಕಡೀಕೂ ಹುಳಿ ವಾಸನಿ ಎಳೀತು ನೋಡ್ರಿ!” ಎಂದು ಮಲಕಪ್ಪ ಕುಣಿದ. ಹುಳಿಗೆ ನಾಲ್ಕು ದಿನ ಒಳಗೆ ಬಾರದವಳು ಹೋಳಿಗೆಗೆ ಒಂದೇ ದಿನಕ್ಕೆ ಬಂದಳು ಎಂದು ಅವಳಿಗೆ ಅನಿಸಿತು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮನೆಗೆ ಹೋಗಿ ಇನ್ನೂ ನಾಲ್ಕು ಹೋಳಿಗೆ ತೆಗೆದಿಟ್ಟಳು.

ಮಧ್ಯಾಹ್ನದ ಬಸ್ಸಿಗೆ ಅನ್ನಪೂರ್ಣಾ ಇಳಿದಳು. ಗಟ್ಟಿ ಆಳು, ಒಂದು ಕೈಯಲ್ಲಿ ಬನ್ನಿಯ ಎಲೆ, ಇನ್ನೊಂದು ಕೈಯಲ್ಲಿ ಮೊಬೈಲು. ನೇರ ಹೊಲಕ್ಕೆ ಹೋಗಿ ಬೋನಿನೊಳಗೆ ಬಗ್ಗಿ ನೋಡಿದಳು.

“ಖಾಲಿ,” ಎಂದಳು. “ಹೂವಿನ ಮಾಲಿ ಚಂದ ಐತಿ. ಗುಜರಿಯವಗ ಫೋನ್ ಹಚ್ಚಲ್ಯಾ?”

ಮಲಕಪ್ಪ ಜಾರಿದ್ದ ಮಾಲೆಯನ್ನು ಸರಿಮಾಡಿದ.

“ಏನ್ ಮಾತು ಆಗಿತ್ತವ್ವಾ?” ಎಂದು ಕೇಳಿದಳು ಗುರುಸಿದ್ದವ್ವ.

“ಬನ್ನಿ ಹಬ್ಬದ ದಿನಾ ಖಾಲಿ ಇದ್ರ ಗುಜರಿಗಿ ಅಂತ ಯಕ್ಕಾ.”

“ದಿನಾ ಎಷ್ಟಕ್ಕ ಮುಗೀತೈತಿ?”

“ಅಂದ್ರ?”

“ಮೂರೂವರಿಗಿ ಮುಗೀತೈತೋ, ಹೊತ್ತು ಮುಣುಗಿದಮ್ಯಾಲ ಮುಗೀತೈತೋ?”

ಅನ್ನಪೂರ್ಣಾ ಸೂರ್ಯನನ್ನು ನೋಡಿದಳು, ಗಂಡನನ್ನು ನೋಡಿದಳು. “ನಿನಗ ಸರಿಯಾದ ವಕೀಲ್ರು ಸಿಕ್ಕಾರ,” ಎಂದಳು.

ಊಟ ಮುಗಿಸಿ ಮೂವರೂ ಬದುವಿನ ಆಚೆ ಕುಳಿತರು. ಮಲಕಪ್ಪ ಹಲಗೆ ಮರಳಿ ಕೂರಿಸಿ, ಹಗ್ಗ ಬಿಚ್ಚಿ ಕೊಂಡಿ ಹಚ್ಚಿ ಬಂದಿದ್ದ. ಆ ನಾಲ್ಕು ಹೋಳಿಗೆ ಹಿಂಬದಿಯ ಹಲಗೆಯ ಬುಡಕ್ಕೆ ಸೇರಿದ್ದವು. ಕೆರೆಯ ನೀರು ಕೆಂಪಾಗುವ ಹೊತ್ತಿಗೆ ಪೊದೆ ಅಲ್ಲಾಡಿತು. ಮರಿಗಳು ನುಗ್ಗಿದವು.

“ಐದು… ಆರು… ಎಂಟು,” ಗುರುಸಿದ್ದವ್ವ ಉಸಿರಿನಲ್ಲೇ ಎಣಿಸಿದಳು.

ಹರಕುಗಿವಿ ಹೊಸ್ತಿಲಿನಲ್ಲಿ ನಿಂತಿತು. ಮೂತಿ ಎತ್ತಿ ಗಾಳಿ ಮೂಸಿತು. ಒಂದು ಕಾಲು ಒಳಗಿಟ್ಟು, ಹಿಂದೆ ತೆಗೆಯಿತು. ಅನ್ನಪೂರ್ಣಾ ತನಗೇ ತಿಳಿಯದೆ ಗಂಡನ ಅಂಗಿಯ ತೋಳು ಹಿಡಿದಿದ್ದಳು. “ಹೋಗ ನಮ್ಮವ್ವಾ, ಹೋಗು,” ಎಂದು ಪಿಸುಗುಟ್ಟಿದಳು.

ಮುದಿ ಹಂದಿ ಮರಿಗಳನ್ನು ಭುಜದಿಂದ ಅತ್ತಿತ್ತ ನೂಕುತ್ತ, ಸೀದಾ ಹಿಂಬದಿಯ ಹಲಗೆಗೆ ಹೋಯಿತು.

ದಡಾರ್!

ಸಪ್ಪಳ ಕೆರೆಯ ಆಚೆ ದಡಕ್ಕೆ ಬಡಿದು ಮರಳಿ ಬಂತು. ಮೂವರೂ ಎದ್ದು ಓಡಿದರು. ಒಳಗೆ ಒಂಬತ್ತು ಹಂದಿಗಳ ಒಂಬತ್ತು ಬಗೆಯ ಕೂಗು. ಹರಕುಗಿವಿ ಓಡಿಬಂದು ಬಾಗಿಲಿಗೆ ಎದೆ ಕೊಟ್ಟು ಗುದ್ದಿತು. ಒಂದು ಸಲ, ಎರಡು ಸಲ, ಮೂರು ಸಲ. ಬಾಗಿಲು ಎಳ್ಳಷ್ಟೂ ಕದಲಲಿಲ್ಲ. ಎರಡೂ ಬದಿಯ ಚಿಲಕ ತಾವಾಗಿಯೇ ಬಿದ್ದು ಕುಳಿತಿದ್ದವು.

ಅನ್ನಪೂರ್ಣಾ ಹಂದಿಗಳನ್ನು ನೋಡಲಿಲ್ಲ. ಬಗ್ಗಿ ಚಿಲಕವನ್ನೇ ನೋಡಿದಳು.

“ಇದು ನಮ್ಮ ಬಚ್ಚಲಾ ಬಾಗಲದ್ದಲ್ಲೇನು?”

“ಅದ. ಸ್ವಲ್ಪ ದೊಡ್ಡದು ಮಾಡೇನಿ,” ಎಂದ ಮಲಕಪ್ಪ.

“ಅದಕ್ಕ ಆ ಮುದುಕಿಗಿ ತಗ್ಯಾಕ ಆಗವಲ್ದು,” ಎಂದಳು ಅನ್ನಪೂರ್ಣಾ. “ನನಗ ಆಗಿದ್ದಿಲ್ಲ, ಅದಕ್ಕೇನ್ ಆದೀತು!” ಹಾಗೆನ್ನುತ್ತ ಸೆರಗು ಬಾಯಿಗೊತ್ತಿ, ಭುಜ ಕುಣಿಯುವಂತೆ ನಕ್ಕಳು. ಆಮೇಲೆ ಬನ್ನಿಯ ಎಲೆ ತೆಗೆದು ಮೊದಲು ಗುರುಸಿದ್ದವ್ವನಿಗೆ ಕೊಟ್ಟು ಕಾಲಿಗೆ ಬಿದ್ದಳು, ಬಳಿಕ ಗಂಡನ ಕೈಗಿಟ್ಟಳು. ಬಾಗಿಲಿನ ಕಬ್ಬಿಣದ ಸಂದಿಗೂ ಎರಡೆಲೆ ಸಿಕ್ಕಿಸಿದಳು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಬೆಳಿಗ್ಗೆ ಹಂದಿ ಸಾಕುವವರು ಟೆಂಪೊ ತಂದು ಒಂಬತ್ತನ್ನೂ ಒಯ್ದರು. ಬೋನು ಟ್ರ್ಯಾಕ್ಟರ್ ಏರಿತು, ಸನವಳ್ಳಿ ಊರಿನವರು ಆಗಲೇ ಕರೆ ಕಳಿಸಿದ್ದರು. ಗುರುಸಿದ್ದವ್ವ ಗೋಡೆಯ ಗೆರೆಗಳನ್ನು ಸಗಣಿಯಿಂದ ಸಾರಿಸಿ, ತನ್ನ ಗೋವಿನಜೋಳ ಮುರಿಯಲು ಹೋದಳು. ಆ ವರ್ಷ ಕಡೆಯ ಸಾಲಿನ ತೆನೆಯೂ ಮನೆಗೆ ಬಂತು.

ಶೀಗಿ ಹುಣ್ಣಿಮೆ ಕಳೆದು ಎಂಟನೆಯ ದಿನ, ಅವಳು ತೆನೆ ಸುಲಿಯುತ್ತ ಕುಳಿತಿದ್ದಾಗ ಫೋನು ಬಂತು. ಮಲಕಪ್ಪ ಎಲ್ಲೋ ಬದುವಿನ ಹಿಂದೆ ಬಗ್ಗಿ ಕುಳಿತಂತಿತ್ತು, ದನಿ ಅಷ್ಟು ಸಣ್ಣಗಿತ್ತು. ಸನವಳ್ಳಿಯ ಮಂದಿ ಬೆನ್ನಿಗೆ ನಿಂತು ಅವಸರ ಮಾಡುತ್ತಿದ್ದಾರೆಂದ. ಆರು ಒಳಗಿವೆ, ಕಿವಿ ನೆಟ್ಟಗಿರುವ ಒಂದು ಗಂಡು ಮಾತ್ರ ಹೊಸ್ತಿಲಿಗೆ ಬಂದು ಬಂದು ತಿರುಗಿ ಹೋಗುತ್ತಿದೆ ಎಂದ. ಗುರುಸಿದ್ದವ್ವ ತೆನೆ ಕೆಳಗಿಟ್ಟಳು.

“ಇವರ ಮಾತ ಕೇಳಂಗಿಲ್ಲ ನಾ. ನೀವ ಹೇಳ್ರಿ ಅವ್ವಾರ, ಕೊಂಡಿ ಹಚ್ಚಲೇನ್ರಿ, ಇನ್ನೊಂದಿನಾ ತಡೀಲೇನ್ರಿ?”